ಚಹಾ ಚೆನ್ನಾಗಿತ್ತು ಎಂಬ ಠರಾವು

ಕೆಳಗಿನ ಮಹಡಿಯಲ್ಲಿ ಯಾರೋ ಗೋಡೆಗೆ ಗಿಲಾವು ಮಾಡಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಮೆಟ್ಟಿಲ ತುಂಬ ಹಸಿ ಸಿಮೆಂಟಿನ ವಾಸನೆ. ನಿಮಗೆ ಅದು ಬರೀ ವಾಸನೆ. ನನಗಾದರೆ ಕಿವಿ ಬಿಸಿಯಾಗುತ್ತದೆ.

ಮುಲುಂಡಿನ ಈ ಬಿಲ್ಡಿಂಗಿಗೆ ನಾನು ಸೆಕ್ರೆಟರಿ. ಬ್ಯಾಂಕಿನಿಂದ ನಿವೃತ್ತನಾದವನಿಗೆ ಬೇರೆ ಕೆಲಸವಿಲ್ಲವೆಂದು ಎಲ್ಲರೂ ಸೇರಿ ಕಟ್ಟಿದ ಪಟ್ಟ. ಸಿಮೆಂಟು ಯಾವುದು, ರಾಗಿಹಿಟ್ಟು ಯಾವುದು ಎಂದು ಕೇಳಿದರೆ ನಾನು ತಿಂದು ನೋಡಿಯೇ ಹೇಳಬೇಕು. ಎಲ್ಲಕ್ಕಿಂತ ಮೇಲಿನ ನಾಲ್ಕನೇ ಮಹಡಿಯ ವನಿತಾ ಹಾಗಲ್ಲ. ಧಾರವಾಡದವಳು, ದೊಡ್ಡ ದೊಡ್ಡ ಕಟ್ಟಡ ಎಬ್ಬಿಸುವ ಇಂಜಿನಿಯರು. ಹೋದ ವರ್ಷ ಮೊದಲ ಮಳೆಗೇ ಅವಳ ತಾಯಿಯ ಮಂಚದ ಮೇಲೆ ಛಾವಣಿ ಒದ್ದೆಯಾಯಿತು.

ಚೇರ್ಮನ್ ಶೆಟ್ಟರ ಮನೆಯಲ್ಲಿ ಮೀಟಿಂಗ್ ಸೇರಿತು. ನಾವು ಐದು ಗಂಡಸರು, ಅವಳೊಬ್ಬಳು. "ಮ್ಯಾಲಿನ ನೀರಿನ ಟಾಕಿ ಸೋರಾಕತ್ತಿಲ್ರಿ. ಟೆರೇಸಿನ ಮಳೆನೀರಿನ ಪೈಪಿನ ಜಾಯಿಂಟ್ ಒಡದೈತಿ, ಅದನ್ನ ಬಿಚ್ಚಿಸ್ರಿ," ಎಂದಳು. ನಾವು ಗಂಭೀರವಾಗಿ ತಲೆಯಾಡಿಸಿದೆವು. ಅಷ್ಟರಲ್ಲಿ ಒಳಗೆ ಚಹಾ ಉಕ್ಕುವ ಸದ್ದು. ಶೆಟ್ಟರ ಹೆಂಡತಿ ಊರಿಗೆ ಹೋಗಿದ್ದರು. ಯಾರೂ ಏಳು ಎನ್ನಲಿಲ್ಲ, ಆಣೆ ಮಾಡುತ್ತೇನೆ. ಐದು ಜೊತೆ ಕಣ್ಣು ಅವಳತ್ತ ತಿರುಗಿದವು ಅಷ್ಟೆ. ಒಲೆ ಹಚ್ಚಿದ್ದು ಶೆಟ್ಟರಾದರೂ ಅವರ ಕಾಲೇಳಲಿಲ್ಲ. ಅವಳ ಕಾಲು ತಾನಾಗಿ ಎದ್ದಿತು.

ಅವಳು ಚಹಾ ಸೋಸಿ ತರುವಷ್ಟರಲ್ಲಿ ನಾವು ಟಾಕಿ ರಿಪೇರಿಯೆಂದು ತೀರ್ಮಾನಿಸಿಯಾಗಿತ್ತು. ನಮ್ಮಲ್ಲೊಬ್ಬರು ಬಟ್ಟೆ ವ್ಯಾಪಾರಿ, ಒಬ್ಬರು ಹೋಟೆಲಿನವರು. ಆದರೂ ನೀರಿನ ವಿಷಯದಲ್ಲಿ ನಮಗೆ ಹುಟ್ಟಿನಿಂದ ಬಂದ ಜ್ಞಾನ ಇರುತ್ತದಲ್ಲ. ಅವಳು ಮತ್ತೆ ಬಾಯಿ ತೆರೆದಾಗ ಶೆಟ್ಟರು, "ಟೆನ್ಷನ್ ಮಾಡ್ಬೇಡ ಮಾರಾಯ್ತಿ, ನಾವೆಲ್ಲ ಇದ್ದೇವಲ್ಲ," ಎಂದರು.

ಇದ್ದೆವು. ಟಾಕಿಗೆ ಮದ್ದು ಹಚ್ಚಿದ ಹದಿನೈದನೇ ದಿನದ ಮಳೆಗೆ ಅಂಗೈದಪ್ಪದ ಗಿಲಾವು ಕಳಚಿ ಅವಳ ತಾಯಿಯ ದಿಂಬಿನ ಮೇಲೆ ಬಿತ್ತು. ಪುಣ್ಯಕ್ಕೆ ಅವರು ಸ್ನಾನಕ್ಕೆ ಹೋಗಿದ್ದರು.

"ಮೊದಲೇ ಹೇಳ್ಬೇಕಿತ್ತಲ್ಲ," ಎಂದರು ಶೆಟ್ಟರು, ಮತ್ತೆ ಸೇರಿದ ಮೀಟಿಂಗಿನಲ್ಲಿ.

"ಹೇಳಿದ್ನಿ. ಅಂಕಲ್ ಬರಕೊಂಡಾರ, ಓದ್ರಿ," ಎಂದಳು ವನಿತಾ.

ನಡಾವಳಿ ಪುಸ್ತಕ ತೆರೆದೆ. ನನ್ನದೇ ಮುದ್ದಾದ ಅಕ್ಷರ: ಟಾಕಿ ರಿಪೇರಿಗೆ ಒಮ್ಮತದ ಒಪ್ಪಿಗೆ, ಉತ್ತಮ ಚಹಾಕ್ಕಾಗಿ ಶ್ರೀಮತಿ ವನಿತಾ ಅವರಿಗೆ ವಂದನೆ. ಪೈಪಿನ ಸುದ್ದಿ ಎಲ್ಲಿಯೂ ಇರಲಿಲ್ಲ.

ಆಮೇಲೆ ಅವಳೇ ನಿಂತು ಪೈಪು ಬಿಚ್ಚಿಸಿದಳು, ಛಾವಣಿ ಮಾಡಿಸಿದಳು. ಒಂದು ಹನಿ ಇಳಿಯಲಿಲ್ಲ. ಆದರೆ ತಾಯಿ ಮಾತ್ರ ಆ ಕೋಣೆಗೆ ಕಾಲಿಡಲಿಲ್ಲ. ವರ್ಷವಾಗುತ್ತ ಬಂತು, ಹೊರಗಿನ ಹಾಲ್‌ನ ಸೋಫಾದಲ್ಲೇ ಮುದುಡಿ ಮಲಗಿ ಬೆನ್ನು ಹಿಡಿದುಹೋಗಿದೆ.

ಇವತ್ತು ವನಿತಾ ಬಾಗಿಲಿಗೆ ಬಂದಳು. "ಅಂಕಲ್, ಒಮ್ಮೆ ಬಂದು ಛತ್ತು ಗಟ್ಟಿ ಐತಿ ಅಂತ ಅವ್ವಗ ಹೇಳ್ರಿ." ನಾನು ಮೂಲೆಯ ಕೊಡೆ ಎತ್ತಿಕೊಂಡೆ.

ಹೋದೆ. ಕೊಡೆಯ ತುದಿಯಿಂದ ಛಾವಣಿಗೆ ಎರಡು ಸಲ ತಟ್ಟಿದೆ. ಯಾವ ಸದ್ದು ಬಂದರೆ ಒಳ್ಳೆಯದೆಂದು ದೇವರಾಣೆ ಗೊತ್ತಿಲ್ಲ. "ಗಟ್ಟಿ ಉಂಟು," ಎಂದೆ. ಆ ತಾಯಿ ಆಗಲೇ ದಿಂಬು ತಂದು ಮಂಚದ ಮೇಲೆ ಹಾಕಿದರು. ನನಗೆ ನಾಚಿಕೆಯಾಯಿತು, ತಡೆಯಲಾಗಲಿಲ್ಲ.

"ಅಮ್ಮ, ನನಗೆ ಇದರಲ್ಲಿ ಏನೂ ಗೊತ್ತಿಲ್ಲ. ಮಾಡಿಸಿದ್ದು ನಿಮ್ಮ ಮಗಳು, ಗಟ್ಟಿ ಉಂಟೂಂತ ಹೇಳಿದ್ದೂ ಅವಳೇ."

ವನಿತಾ ನಮ್ಮಿಬ್ಬರ ಮುಖವನ್ನೂ ನೋಡದೆ ಫ್ಯಾನ್ ಹಾಕಿದಳು.

"ಅಕಿ ವರ್ಷದಿಂದ ಹೇಳಾಕತ್ತಾಳ ಬಿಡ್ರಿ," ಎಂದು ತಾಯಿ ಹಾಯಾಗಿ ಕಾಲು ಚಾಚಿದರು. "ನೀವು ಹೇಳಿದ್ರಲ್ಲ, ಈಗ ಸಮಾಧಾನಾತು."