ಬೆಟ್ಟಮ್ಮ ಏರಿಸಿದ ಸಾಕ್ಷಿ ಗುಡ್ಡೆ

ಶೀಳನೆರೆ ಕಡೆ ಮಣ್ಣು ಕೆಲಸ ಅಂದರೆ ಮೊದಲು ಬರುತ್ತಿದ್ದ ಹೆಸರು ಬೆಟ್ಟಮ್ಮನದು. ಮದುವೆಯಾಗಿ ಬಂದ ವರ್ಷ ಗುದ್ದಲಿ ಹಿಡಿದವಳು, ಐವತ್ತು ದಾಟಿದರೂ ಕೆಳಗಿಟ್ಟಿರಲಿಲ್ಲ. ಅವಳ ಹಿಂದೆ ಹನ್ನೊಂದು ಜನ ಹೆಂಗಸರು. ಕೆರೆಯಾಗಲಿ, ಕಾಲುವೆಯಾಗಲಿ, ಅವಳು ಹೊರಟರೆ ಅವರೂ ಹೊರಡುತ್ತಿದ್ದರು.

ತೊಂಬತ್ತಾರರ ಬೇಸಿಗೆಯಲ್ಲಿ ಊರ ಕೆರೆಯ ಹೂಳು ತೆಗೆಯುವ ಸರ್ಕಾರಿ ಕೆಲಸ ಬಂತು. ಕಂಟ್ರಾಕ್ಟರು ದೇವರಾಜು. ಕೆರೆ ಅಗೆಯುವಾಗ ನಡುವೆ ಅಲ್ಲಲ್ಲಿ ಒಂದೊಂದು ದಿಬ್ಬವನ್ನು ಮುಟ್ಟದೆ ಬಿಡುತ್ತಾರೆ. ಅದೇ ಸಾಕ್ಷಿ ಗುಡ್ಡೆ. ಅದರ ನೆತ್ತಿ ಹಳೆಯ ನೆಲ, ಬುಡ ಹೊಸ ನೆಲ. ನಡುವೆ ಎಷ್ಟಿದೆಯೋ ಅಷ್ಟು ಅಗೆದಂತೆ.

ಆಳ ಎರಡು ಗೇಣು ಕಡಿಮೆ ಬಿದ್ದಿತ್ತು. ಅಳತೆಯ ಹಿಂದಿನ ದಿನ ದೇವರಾಜು ಅವಳನ್ನು ಪಕ್ಕಕ್ಕೆ ಕರೆದ.

"ಬೆಟ್ಟಕ್ಕ, ಮೂರು ಗುಡ್ಡೆ ತಲೆ ಮ್ಯಾಲೂ ಎಲ್ಡೆಲ್ಡು ಗೇಣು ಏರಿಸ್ಬುಡು. ಮುಂದ್ಲ ಕಾಲುವೆ ಕೆಲ್ಸ ನಿಮ್ಮೋರ್ಗೇ ಕಣಕ್ಕ."

ಮಳೆ ಬರುವವರೆಗೆ ಹನ್ನೆರಡು ಮನೆಯ ಒಲೆ ಆ ಕಾಲುವೆಯನ್ನೇ ನಂಬಿತ್ತು. ಬೆಟ್ಟಮ್ಮ ಏರಿಸಿದಳು. ಮಣ್ಣು ನೆನೆಸಿ, ಬಡಿದು, ಕೆರೆಯಂಗಳದ ಒಣ ಹುಲ್ಲನ್ನೇ ಬೇರುಸಹಿತ ಕೂರಿಸಿ, ಮೇಲೆ ಧೂಳು ಉದುರಿಸಿದಳು. ತಾನೇ ನಿಂತು ನೋಡಿದರೂ ಕೂಡಿಸಿದ ಜಾಗ ಕಾಣಲಿಲ್ಲ.

ಮರುದಿನ ಇಂಜಿನಿಯರು ಟೇಪು ಹಿಡಿದರು. ಕೆರೆ ಕೆಳಗೆ ಗದ್ದೆಯಿದ್ದ ನರಸಯ್ಯನಿಗೆ ಅನುಮಾನ. ಗುಡ್ಡೆಗಳನ್ನು ಎರಡು ಸುತ್ತು ಸುತ್ತಿದ, ಏನೂ ಸಿಗಲಿಲ್ಲ.

"ಸ್ವಾಮಿ, ಟೇಪು ಗೀಪು ನಮ್ಗೆ ತಿಳಿಯಾಕಿಲ್ಲ. ಬೆಟ್ಟಮ್ಮ ಊಂ ಅಂದ್ರೆ ಬರ್ಕೊಳಿ. ಅವ್ಳು ಸುಳ್ ಯೋಳಾಕಿಲ್ಲ" ಅಂದ.

ಎಲ್ಲರೂ ಇವಳ ಕಡೆ ತಿರುಗಿದರು. ದೇವರಾಜು ನಗುತ್ತಲೇ ನಿಂತಿದ್ದ. ಬೆಟ್ಟಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದಳು. ಕೈ ಸಲೀಸಾಗಿ ಸುಳ್ಳು ಕಟ್ಟಿತ್ತು, ಬಾಯಿ ಒಪ್ಪಲಿಲ್ಲ. ಗುದ್ದಲಿ ಎತ್ತಿ ಹತ್ತಿರದ ಗುಡ್ಡೆಗೆ ಅಡ್ಡಲಾಗಿ ಒಂದೇಟು ಹಾಕಿದಳು. ನೆತ್ತಿಯ ಮಣ್ಣು ಕುಲಾವಿಯಂತೆ ಕಳಚಿ ಬಿತ್ತು.

"ನಿನ್ನೆ ಏರ್ಸಿದ್ದು ಸ್ವಾಮಿ. ಏರ್ಸಿದ್ದು ನಾನೇ."

"ನೀನೇನಮ್ಮಿ?" ಅಂದ ನರಸಯ್ಯ.

"ನಾನೇ ಕಣಣ್ಣ. ಏರ್ಸು ಅಂದೋರು ಅಗೋ, ನಗ್ತಾ ನಿಂತವ್ರೆ."

ಇಂಜಿನಿಯರು ಉಳಿದೆರಡು ಗುಡ್ಡೆಗಳ ಕಳ್ಳ ನೆತ್ತಿಯನ್ನೂ ಕೆಡವಿಸಿ, ಆಳ ಪೂರ್ತಿಯಾಗುವವರೆಗೆ ಅಳತೆಯಿಲ್ಲ ಎಂದು ಪುಸ್ತಕ ಮುಚ್ಚಿದರು. ದೇವರಾಜು ಹೆಂಗಸರಿಗೆ, "ನಾಳಿಂದ ಎಲ್ಲಾ ಬನ್ನಿ. ಇವಳೊಬ್ಳು ಬ್ಯಾಡ. ಕಾಲುವೇಗೂ ಬ್ಯಾಡ" ಅಂದ.

ದಾರಿಯಲ್ಲಿ ಜೊತೆಯ ಸೋಮಮ್ಮ ಬೈದಳು. "ಮಾಡಾದ್ ಮಾಡ್ಬುಟ್ಟು ಈಗ ಅರಿಶ್ಚಂದ್ರನ ತಂಗಿ ಆಗ್ಬುಟ್ಟೆಯಲ್ಲ! ನೀನಿಲ್ದೆ ನಾವೆಂಗೆ ಓಗಾದು?"

"ಓಗ್ರವ್ವ. ಎಲ್ಡು ಗೇಣು ಇನ್ನೂ ಅಗೀದೆ ಅಂಗೇ ಅದೆ."

ಹನ್ನೊಂದು ಜನ ಹೋದರು. ಬೆಟ್ಟಮ್ಮ ಒಬ್ಬಳೇ ಕಬ್ಬಿನ ಗದ್ದೆಗೆ ಕಳೆ ತೆಗೆಯಲು ನಡೆದಳು. ಮೋಸ ಮಾಡಿದ್ದಕ್ಕಿಂತ, ಅದನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದೆನಲ್ಲ ಎಂಬುದೇ ಅವಳನ್ನು ಹೆಚ್ಚು ಕೊರೆಯುತ್ತಿತ್ತು.

ಹದಿನಾಲ್ಕನೆಯ ದಿನ ನರಸಯ್ಯ ಗದ್ದೆಯ ಬದುವಿಗೆ ಬಂದ.

"ಬಾರವ್ವ, ಇವತ್ತು ಅಳ್ತೆ. ನೀನೂ ನೋಡ್ಬೇಕು ಅಂತವ್ರೆ ಊರೋರು."

"ಕಳ್ಳೀನ ಯಾಕಣ್ಣ ಕರೀತೀಯಾ?"

"ಕಳ್ಳಿಗೇ ಕಣಮ್ಮಿ ಕಳ್ ಮಣ್ಣು ಗೊತ್ತಾಗಾದು."

ಅವಳು ಮೂರು ಗುಡ್ಡೆಗಳ ನೆತ್ತಿಯನ್ನೂ ಅಂಗೈಯಿಂದ ತಟ್ಟಿದಳು. ಹುಲ್ಲಿನ ಬೇರು ಎಳೆದು ನೋಡಿದಳು. ಬುಡದವರೆಗೆ ಕೈ ಆಡಿಸಿದಳು. ದೇವರಾಜು ಮುಖ ತಿರುಗಿಸಿ ನಿಂತಿದ್ದ. ಇನ್ನು ಅವನು ಯಾವ ಕೆಲಸಕ್ಕೂ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಬರ್ಕೊಳಿ ಸ್ವಾಮಿ" ಅಂದು, ಕೈಯ ಮಣ್ಣು ಕೊಡವಿಕೊಂಡು ಕಬ್ಬಿನ ಗದ್ದೆಗೆ ಹೊರಟಳು.