ಏನೂ ಕೇಳಿಸದ ಆ ಒಂದು ತಾಸು

ನಮ್ಮ ಗ್ರಾಮದೇವತೆ ಊರಮ್ಮನನ್ನು ನಂಬಿದ ಅಕ್ಕತಂಗಿಯರಲ್ಲಿ ಅರಿಕೆ. ಆಪರೇಷನ್‌ಗೆ ಹೋಗುವವರು ಎಚ್ಚರವಾಗಲಿ ಎಂದು ಬೇಡಿಕೊಳ್ಳುತ್ತಾರೆ. ನಾನು ನಿದ್ದೆ ಬೇಡಿಕೊಂಡೆ.

ಆರು ವರ್ಷದ ಹಿಂದೆ ಪೂರ್ತಿ ನಿದ್ದೆ ಬರಿಸಿ ಹೊಟ್ಟೆ ಕೊಯ್ದು ಕಿರಿಯ ಮಗಳನ್ನು ತೆಗೆಯುವಾಗ ನನಗೆ ಎಚ್ಚರವಿತ್ತು. ಅರಿವಳಿಕೆಯಿಂದ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ, ಆದರೆ ಕತ್ತರಿಯ ಸದ್ದು, ಅವರ ಮಾತು, ನೋವು ಎಲ್ಲ ಗೊತ್ತಾಗುತ್ತಿತ್ತು. ಆಮೇಲೆ ಹೇಳಿದರೆ ಮನೆಯವರು ಕನಸು ಎಂದರು. ಅತ್ತೆ, ಬಾಣಂತಿಗೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಹೇಳಿ ಹೇಳಿ ಸಾಕಾಗಿ ಬಾಯಿ ಮುಚ್ಚಿಕೊಂಡೆ. ಹರಿಹರದಲ್ಲಿ ರವಿಕೆ ಹೊಲಿಯುವುದು ನನ್ನ ಕಸುಬು. ಅಂದಿನಿಂದ ಬಟ್ಟೆ ಕತ್ತರಿಸುವಾಗಲೆಲ್ಲ ಮೈ ತಣ್ಣಗಾಗುತ್ತದೆ.

ಹೋದ ಶ್ರಾವಣದಲ್ಲಿ ಎದೆಯಲ್ಲೊಂದು ಗಂಟು ಕಂಡಿತು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಆಸ್ಪತ್ರೆಯಲ್ಲಿ, ತೆಗೆಯಲೇಬೇಕು, ಸಂಜೆಗೆ ಮನೆಗೆ ಹೋಗಬಹುದು ಎಂದರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಒಂದು ಕಾಗದ ಮುಂದಿಟ್ಟರು. ಎರಡು ಜೋಡಿ ಔಷಧಿಗಳಲ್ಲಿ ಯಾವುದರಿಂದ ನಿದ್ದೆ ಸಲೀಸು, ಯಾವುದರಿಂದ ಬೇಗ ಎಚ್ಚರ ಎಂದು ಹೋಲಿಸಿ ನೋಡುತ್ತಿದ್ದಾರಂತೆ. ಯಾರಿಗೆ ಯಾವುದೆಂದು ಚೀಟಿಯಲ್ಲಿ ಬರುತ್ತದಂತೆ. ಒಪ್ಪಿದರೆ ಸಹಿ ಹಾಕಬೇಕಂತೆ.

ಚೀಟಿಯೇ ಆದರೆ ಊರಮ್ಮ ತಾಯಿಯೇ ಎತ್ತಲಿ ಅನ್ನಿಸಿತು. ಎರಡರ ಹೆಸರೂ ಬರೆದುಕೊಡಿ, ಊರಮ್ಮನ ಹತ್ತಿರ ಹೂವು ಕೇಳಿ ಬರುತ್ತೇನೆ, ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಇನ್ನೊಂದು ಎಂದೆ. ನಕ್ಕರೆ ಎದ್ದು ಹೋಗಿಬಿಡುವುದೆಂದೇ ಇದ್ದೆ. ಅವರು ನಗಲಿಲ್ಲ. ಅಷ್ಟೊಂದು ಹೆದರಿಕೆ ಯಾಕೆ, ಹಿಂದೆ ಏನಾದರೂ ಆಗಿತ್ತೇ ಎಂದು ಕೇಳಿದರು.

“ಅವತ್ತು ನಂಗೆಲ್ಲಾ ಕೇಳಿಸ್ತಿತ್ರಿ,” ಎಂದೆ. ಮುಂದಿನದೆಲ್ಲ ಅಳುತ್ತಲೇ ಹೇಳಿದೆ.

“ಕನಸಲ್ಲಮ್ಮ ಅದು. ಅಪರೂಪಕ್ಕೆ ಹಂಗಾಗ್ತೈತೆ. ನಿಮ್ಮನ್ನ ಚೀಟಿಗೆ ಹಾಕಂಗಿಲ್ಲ.”

ಆರು ವರ್ಷದಲ್ಲಿ ನನ್ನನ್ನು ನಂಬಿದ ಮೊದಲ ಜೀವ ಅದು. ನನಗೆ ಹೊಂದುವ ಔಷಧಿಯನ್ನು ತಾವೇ ಆರಿಸಿ, ನಿದ್ದೆ ಎಷ್ಟು ಆಳ ಎಂದು ತೋರಿಸುವ ಪಟ್ಟಿಯನ್ನು ಹಣೆಗೆ ಅಂಟಿಸಿ ಪಕ್ಕದಲ್ಲೇ ಇರುವುದಾಗಿ ಹೇಳಿದರು. ಹೂವು ಕೇಳುವ ಮೊದಲೇ ತಾಯಿ ಉತ್ತರ ಕೊಟ್ಟಿದ್ದಳು.

ಆದರೂ ಆಪರೇಷನ್ ದಿನ ಬೆಳಿಗ್ಗೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾಯಿಯ ಹೆಸರು ಹೇಳಿಕೊಂಡೆ. ಟೇಬಲ್ ಮೇಲೆ ಮಲಗಿಸಿದಾಗ ಎಲ್ಲೋ ಕತ್ತರಿ ಸದ್ದಾಯಿತು.

“ಊರಮ್ಮಾ, ಏನೂ ಕೇಳಿಸಬ್ಯಾಡ ತಾಯಿ,” ಎಂದೆ. ಡಾಕ್ಟರಮ್ಮ ಕೈ ಹಿಡಿದರು.

ಕಣ್ಣು ಬಿಟ್ಟಾಗ, ಇನ್ನೂ ಶುರುವೇ ಆಗಿಲ್ಲವೇನೋ ಎಂದು ಹೆದರಿಬಿಟ್ಟೆ. ಮುಗಿದು ಎಷ್ಟೋ ಹೊತ್ತಾಗಿದೆ ಎಂದರು ನರ್ಸ್. ಒಳಗೆ ಏನೇನು ಮಾತಾಡಿದಿರಿ ಎಂದು ಬಿಡದೆ ಕೇಳಿದೆ. ಅವರು ಹೇಳಿದ್ದರಲ್ಲಿ ಒಂದಕ್ಷರವೂ ನನಗೆ ಗೊತ್ತಿರಲಿಲ್ಲ. ಖುಷಿಗೆ ಅತ್ತುಬಿಟ್ಟೆ.

ಗಂಟು ಕೆಟ್ಟದ್ದಲ್ಲ ಎಂದು ಆಮೇಲೆ ತಿಳಿಯಿತು, ಅದಕ್ಕೂ ಕೈಮುಗಿದೆ. ಆದರೆ ಶುಕ್ರವಾರ ಊರಮ್ಮನಿಗೆ ಉಡಿ ತುಂಬಿದ್ದು ನಾನಿಲ್ಲದ ಆ ಒಂದು ತಾಸಿಗಾಗಿ. ಹಳೆಯ ಹೆದರಿಕೆ ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಲಾರೆ. ರಾತ್ರಿ ಅದು ಬಂದಾಗ ತಾಯಿಯ ಹೆಸರು ಹಿಡಿದು, ಅವತ್ತು ನಡೆದದ್ದು ನಿಜ, ಕನಸಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆಮೇಲೆ ನಿದ್ದೆ ಬರುತ್ತದೆ.