ಕಂಬ ಹಿಡಿದ ಕೈ

ಹೋದ ತಿಂಗಳು ನಮ್ಮ ಮನೆಗೆ ಸೋಲಾರ್ ಹೀಟರ್ ಹಾಕಲು ಬಂದವನು ತಾರಸಿಯ ಮೇಲೆಲ್ಲ ಒಂದು ಸುತ್ತು ಓಡಾಡಿ, ಟೇಪು ಹಿಡಿದು ಅಳೆದು, ನಡುವೆ ನಿಂತಿದ್ದ ಕಬ್ಬಿಣದ ಕಂಬವನ್ನು ಬೆರಳಿನಿಂದ ತಟ್ಟಿ, "ಇದೊಂದು ತೆಗೆದುಬಿಡ್ಲಾ ಮೇಡಂ? ಬಿಸಿಲು ಚೆನ್ನಾಗಿ ಬೀಳೋ ಜಾಗ ಇದೇನೇ" ಎಂದು ಕೇಳಿದ. ತೆಗಿ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ.

ಆ ಕಂಬಕ್ಕೆ ಈಗ ಕೆಲಸವಿಲ್ಲ. ಅದರ ತಲೆಯ ಮೇಲಿದ್ದ ಆಂಟೆನಾದ ಕಡ್ಡಿಗಳನ್ನು ಕೋತಿಗಳು ಒಂದೊಂದಾಗಿ ಬಗ್ಗಿಸಿ ಮುಗಿಸಿವೆ. ಎರಡು ಉಳಿದಿವೆ, ಅವೂ ಮುನಿಸಿಕೊಂಡ ಓರಗಿತ್ತಿಯರ ಹಾಗೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. ಕೆಳಗೊಂದು ಸೋಪಿನ ಡಬ್ಬಿಯಷ್ಟು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ. ಅದು ಬೂಸ್ಟರು. ನೀವು ನನ್ನ ವಯಸ್ಸಿನವರಾದರೆ ನಿಮ್ಮ ಮನೆಯ ಮೇಲೂ ಒಂದು ಇದ್ದಿರಬಹುದು. ಚಿಕ್ಕವರಾದರೆ ಸ್ವಲ್ಪ ತಾಳ್ಮೆ ಇರಲಿ, ಹೇಳುತ್ತೇನೆ.

ನಮ್ಮದು ಹಳೇಬೀಡು. ಅಪ್ಪ ದೇವಸ್ಥಾನದಲ್ಲಿ ಗೈಡು. ಎಡಗೈಯಲ್ಲಿ ಒಂದು ದುಂಡು ಕನ್ನಡಿ ಹಿಡಿದು, ಹೊರಗಿನ ಬಿಸಿಲನ್ನು ಅದರಲ್ಲಿ ಹಿಡಿದು ನೆರಳಿನ ಗೋಡೆಗೆ ಬೀಳಿಸಿ, ಆ ಬೆಳಕಿನ ಬಿಲ್ಲೆಯೊಳಗೆ ಬಲಗೈಯ ತೋರುಬೆರಳು ಚಾಚಿ ಶಿಲ್ಪ ತೋರಿಸುವುದು ಅವರ ರೀತಿ. ಬೆರಳು ಮಾತ್ರ ಕಲ್ಲಿಗೆ ತಗಲುತ್ತಿರಲಿಲ್ಲ. ನರ್ತಕಿಯ ಬಳೆಯ ಹತ್ತಿರ, ಆನೆಯ ಸೊಂಡಿಲ ಹತ್ತಿರ, ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟು ನಿಂತುಬಿಡುತ್ತಿತ್ತು. ಬೇರೆ ಗೈಡುಗಳು ತಟ್ಟಿ, ಸವರಿ, ಕೆಲವರು ಕಡ್ಡಿಯಿಂದ ಬಡಿದು ಸದ್ದು ಕೇಳಿಸುತ್ತಿದ್ದರು. ಅಪ್ಪನನ್ನು ಕೇಳಿದರೆ, "ಬಳಪದ ಕಲ್ಲು ಕಣವ್ವ. ಅಷ್ಟು ವರ್ಷದ ಮಳೆಗೆ ಸವೀಲಿಲ್ಲ, ನಮ್ ಬೆವರಿಗೆ ಸವೀತೈತೆ" ಎನ್ನುತ್ತಿದ್ದರು. ದಿನವಿಡೀ ಕೈ ಚಾಚಿ, ಎಲ್ಲೂ ತಾಗಿಸದೆ ಹಿಡಿದು ಹಿಡಿದು ರಾತ್ರಿ ಭುಜ ನೋಯುತ್ತಿತ್ತು. ಅಮ್ಮ ಎಣ್ಣೆ ತಿಕ್ಕುತ್ತಾ, "ಒಂದು ಸಲ ಮುಟ್ಟಿದ್ರೆ ಆ ಕಲ್ಲಿನ ಹೆಂಗಸಿಗೇನು ನೋವಾಗ್ತಿತ್ತೇನ್ರೀ" ಎಂದು ಗೊಣಗುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳವು. ದೆಹಲಿಯಿಂದ ಟಿ.ವಿ.ಯವರು ಬಂದು ಅಪ್ಪನನ್ನು ಒಂದು ಇಡೀ ದಿನ ದೇವಸ್ಥಾನದ ಸುತ್ತ ತಿರುಗಿಸಿ ಚಿತ್ರ ತೆಗೆದುಕೊಂಡು ಹೋದರು. ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಮುಖಕ್ಕೆ ಅಮ್ಮನ ಪೌಡರು ಬಳಿದುಕೊಂಡು ಹೋಗಿದ್ದರು. ಬೆವರು ಇಳಿದು ಸಂಜೆ ಹೊತ್ತಿಗೆ ಮುಖ ಸುಣ್ಣ ಉದುರಿದ ಗೋಡೆಯಾಗಿತ್ತು. ಆಮೇಲೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಎದುರು ಸೋಡಾ ಅಂಗಡಿಯ ರಂಗಣ್ಣನಿಗೆ ಅದೇ ಹಬ್ಬ. ಅಪ್ಪ ಬೀದಿಗೆ ಇಳಿದರೆ ಸಾಕು, "ಏನು ಗೈಡಪ್ಪ, ಇವತ್ತು ಬತ್ತೀರಾ ಟಿ.ವಿ.ಲಿ? ಅಂಗಡಿ ಬೇಗ ಮುಚ್ಚಲಾ?" ಎಂದು ಕೂಗುತ್ತಿದ್ದ. ಅಪ್ಪ ನಕ್ಕು ಮುಂದೆ ಹೋಗುತ್ತಿದ್ದರು. ಆ ನಗು ದಿನೇ ದಿನೇ ಸಣ್ಣಗಾಗುತ್ತಿದ್ದುದನ್ನು ನಾನು ನೋಡುತ್ತಿದ್ದೆ.

ಕೊನೆಗೊಂದು ದಿನ ಪೋಸ್ಟ್‌ಕಾರ್ಡು ಬಂತು. ಮೂರು ವಾರದ ನಂತರದ ಭಾನುವಾರ, ಸಂಜೆ ಐದೂವರೆಗೆ, ಒಂದೇ ಸಲ. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಊರಿಡೀ ಓಡಾಡಿದರು. "ಎಲ್ಲಾ ನಮ್ಮನೇಗೇ ಬರ್ರಿ" ಎಂದು ಕರೆದೂ ಬಿಟ್ಟರು.

ಕರೆದದ್ದೇನೋ ಸರಿ, ತೋರಿಸುವುದು ಏನನ್ನು? ಕೇಬಲ್ಲು ಇನ್ನೂ ನಮ್ಮೂರಿಗೆ ಬಂದಿರಲಿಲ್ಲ. ಹಾಸನದ ಟವರಿನಿಂದ ಗಾಳಿಯಲ್ಲಿ ಬಿಟ್ಟಿಯಾಗಿ ಬರುವುದನ್ನೇ ಆಂಟೆನಾದಲ್ಲಿ ಹಿಡಿಯಬೇಕು. ನಮ್ಮ ಮನೆ ತಗ್ಗಿನಲ್ಲಿದ್ದುದರಿಂದ ನಮ್ಮ ಕಪ್ಪು-ಬಿಳುಪು ಟಿ.ವಿ.ಯಲ್ಲಿ ವಾರ್ತೆ ಓದುವವರು ಅಕ್ಕಿ ಚೆಲ್ಲಿದ ಅಂಗಳದ ಆಚೆ ಕುಳಿತ ಹಾಗೆ ಕಾಣುತ್ತಿದ್ದರು. ಗಂಡೋ ಹೆಣ್ಣೋ ಎಂಬುದನ್ನು ದನಿ ಕೇಳಿ ತೀರ್ಮಾನಿಸಬೇಕಿತ್ತು.

"ಬೂಸ್ಟರ್ ಇರೋ ಆಂಟೆನಾ ಹಾಕ್ಸಾನ. ನೀನೇ ಆರಿಸು, ನೀನು ಓದಿದ್ದೀಯ" ಎಂದರು ಅಪ್ಪ ನನಗೆ. ನಾನಾಗ ಹಾಸನದಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಭೌತಶಾಸ್ತ್ರದಲ್ಲಿ ಹೇಗೋ ದಡ ಸೇರಿದವಳು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಅಪ್ಪ, ನಾನು ಜಾವಗಲ್ ಮೇಲಿನ ಬಸ್ಸು ಹಿಡಿದು ಅರಸೀಕೆರೆಗೆ ಹೋದೆವು. ಕೊಬ್ಬರಿ ಮಂಡಿಗಳ ಸಾಲಿನ ಕೊನೆಯಲ್ಲಿ ಅಪ್ಪನಿಗೆ ಗುರುತಿನವರಾದ ಗಂಗಾಧರಪ್ಪನವರ ರೇಡಿಯೊ ಅಂಗಡಿ. ಹಣೆಗೆ ವಿಭೂತಿ, ಕೈಯಲ್ಲಿ ಸ್ಕ್ರೂಡ್ರೈವರು, ಅಂಗಡಿ ತುಂಬ ಕೊಬ್ಬರಿಯದೇ ವಾಸನೆ. ಅವರು ಮೂರು ಬಗೆ ತೋರಿಸಿದರು. ಒಂದು ಬುಟ್ಟಿಯ ಹಾಗೆ ದುಂಡಗೆ, ಟಿ.ವಿ. ಮೇಲೇ ಇಡುವಂಥದ್ದು. ಇನ್ನೊಂದು ಸಾದಾ, ಸಣ್ಣ ಬೂಸ್ಟರಿನದು. ಮೂರನೆಯದಕ್ಕೆ ಎರಡೆರಡು ಪೆಟ್ಟಿಗೆ, ಕೆಂಪು ದೀಪ ಬೇರೆ. ನಾನು ಗಂಭೀರವಾಗಿ ಮೂರನೆಯದನ್ನು ತೋರಿಸಿ, "ಪವರ್ ಜಾಸ್ತಿ ಇರೋದೇ ಒಳ್ಳೇದು" ಎಂದೆ.

ಗಂಗಾಧರಪ್ಪನವರು ನನ್ನನ್ನು ನೋಡಿ, ಅಪ್ಪನಿಗೆ ಹೇಳಿದರು: "ನೋಡಿ ಸ್ವಾಮಿ, ಬೂಸ್ಟರು ಬಂದಿದ್ದನ್ನ ದೊಡ್ದು ಮಾಡ್ತದೆ ಅಷ್ಟೇ, ಬರ್ದೇ ಇರೋದನ್ನ ತರಲ್ಲ. ಚುಕ್ಕೀನೂ ಬಂದ್ರೆ ಚುಕ್ಕೀನೂ ದೊಡ್ದು ಮಾಡ್ತದೆ. ಮೊದ್ಲು ಎತ್ತರ ನೋಡ್ಕಳಿ, ಆಮೇಲೆ ಬೂಸ್ಟರು."

"ನಮ್ ಕೆಲಸಾನೂ ಅದೇ ಬಿಡಿ. ಇರೋದನ್ನ ತೋರಿಸ್ಬೌದು, ಇಲ್ದಿದ್ದನ್ನ ಎಲ್ಲಿಂದ ತರಾನ" ಎಂದು ಅಪ್ಪ ತಲೆಯಾಡಿಸಿದರು. ಆಮೇಲೆ, ಮಗಳು ಓದಿದವಳು ಎಂದು, ಕೆಂಪು ದೀಪದ್ದನ್ನೇ ಕೊಂಡರು.

ಮನೆಗೆ ತಂದು ಹಾಕಿದೆವು. ಚೆಲ್ಲಿದ್ದ ಅಕ್ಕಿ ಹೋಗಿ ಚೆಲ್ಲಿದ ಜೋಳವಾಯಿತು. ವಾರ್ತೆಯವರು ಪೂರ್ತಿ ಮಾಯ. ಮರುದಿನ ಅಪ್ಪ ಒಬ್ಬರೇ ಅರಸೀಕೆರೆಗೆ ಹೋಗಿ ಅದನ್ನು ಕೊಟ್ಟು, ಸಣ್ಣ ಬೂಸ್ಟರಿನ ಸಾದಾ ಆಂಟೆನಾ ಬದಲಾಯಿಸಿಕೊಂಡು ಬಂದರು. ನಾನು ಎರಡು ದಿನ ಪುಸ್ತಕದಿಂದ ತಲೆ ಎತ್ತಲಿಲ್ಲ.

ಎತ್ತರ ನೋಡಿಕೊಳ್ಳಿ ಎಂದಿದ್ದರಲ್ಲ, ಅದಕ್ಕೆ ಅಪ್ಪ ಆಂಟೆನಾವನ್ನು ಹಿತ್ತಲಿನ ತೆಂಗಿನಮರದ ತುದಿಗೆ ಕಟ್ಟಿಸಿದರು. ಮಧ್ಯಾಹ್ನ ಚಿತ್ರ ಎಷ್ಟು ಸೊಗಸಾಗಿತ್ತೆಂದರೆ ಅಮ್ಮ ಟಿ.ವಿ.ಗೆ ಕುಂಕುಮ ಇಟ್ಟಳು. ಸಂಜೆ ಗಾಳಿ ಎದ್ದಿತು ನೋಡಿ, ಮರ ತೂಗಿದಾಗಲೆಲ್ಲ ಚಿತ್ರ ಬರುವುದು, ಹೋಗುವುದು. ಐದೂವರೆ ಎಂದರೆ ನಮ್ಮಲ್ಲಿ ಗಾಳಿ ಏಳುವ ಹೊತ್ತೇ. ಅಲ್ಲಿಂದ ಇಳಿಸಿ, ತಾರಸಿಯ ಮೇಲೆ ಈ ಕಬ್ಬಿಣದ ಕಂಬ ನೆಡಿಸಿ, ಹಸಿರು ಬಣ್ಣ ಬಳಿದು, ಅಪ್ಪ ಸಂಜೆ ಸಂಜೆ ತಿರುಗಿಸಲು ನಿಂತರು. ಕೆಳಗಿನಿಂದ ಅಮ್ಮ ನಿರ್ದೇಶನ ಕೊಡುವಳು. ಅವಳಿಗೆ ಎಡ ಬಲ ಇಲ್ಲ, ಊರುಗಳೇ ದಿಕ್ಕು. "ಬೇಲೂರು ಕಡೆ ಹೋಯ್ತು ರೀ, ಈ ಕಡೆ ತನ್ನಿ! ಇನ್ನೊಂಚೂರು ಹಗರೆ ಕಡೆಗೆ ತಿರುಗಿಸ್ರೀ!" ಮೇಲಿನಿಂದ ಅಪ್ಪ, "ಬಂತಾ?" ಕೆಳಗಿನಿಂದ ಅಮ್ಮ, "ಬಂತು!" ಅಪ್ಪ ಕೈಬಿಟ್ಟ ಕೂಡಲೇ ಹೋಯಿತು. ಕೈ ಇಟ್ಟರೆ ಬಂತು. ಬೂಸ್ಟರಿನ ಕೆಳಗೆ ಒಂದು ಗೇಣು ಬಿಟ್ಟು ಬಲಗೈಯಲ್ಲಿ ಬಿಗಿಯಾಗಿ ಹಿಡಿದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಯಾಕೆ ಎಂದು ಆಗಲೂ ನನಗೆ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ನನ್ನ ಕೈಗೆ ಅದು ಬಗ್ಗಲಿಲ್ಲ.

ಅಮ್ಮ ಒಂದು ದಿನ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ಕೇಳಿದಳು: "ಅಲ್ಲ ಕಣೇ, ಈ ಚಿತ್ರ ಎಲ್ಲ ಗಾಳೀಲೇ ಇರ್ತದೆ ಅಂತೀಯ. ಹಂಗಾದ್ರೆ ನಾವು ಟಿ.ವಿ. ತರೋಕ್ ಮುಂಚೇನೂ ಈ ಅಡಿಗೆ ಮನೇಲಿ ಅವು ಓಡಾಡ್ತಿದ್ವಾ?"

ಹೌದು ಎಂದೆ. ಅವಳು ಅಡಿಗೆಮನೆಯ ಖಾಲಿ ಜಾಗವನ್ನು ದೇವರಮನೆ ನೋಡಿದ ಹಾಗೆ ನೋಡಿದಳು. ಆ ಪಾಠವನ್ನು ಕಾಲೇಜಿನಲ್ಲಿ ಓದಿ ಅಂಕ ತೆಗೆದುಕೊಂಡಿದ್ದ ನನಗೆ ಆ ಬೆರಗು ಅವತ್ತೇ ಮೊದಲು ತಾಗಿದ್ದು.

ಭಾನುವಾರ ಬಂತು. ಒಳಗೆ ಕಾಲಿಡಲು ಜಾಗವಿಲ್ಲ. ರಂಗಣ್ಣ ನಿಜವಾಗಿಯೂ ಅಂಗಡಿ ಮುಚ್ಚಿ ಬಂದು ಟಿ.ವಿ. ಎದುರಿಗೇ ಕುಳಿತಿದ್ದ. ಅಪ್ಪ ಅದೇ ಇಸ್ತ್ರಿ ಅಂಗಿ ತೊಟ್ಟು ಮೇಲೆ ಹತ್ತಿದರು. "ಮೊದ್ಲು ನೀವೆಲ್ಲ ನೋಡ್ತಿರಿ, ನನ್ ಮುಖ ಬಂದಾಗ ಕೂಗು, ಒಂದ್ ಗಳಿಗೆ ಬಂದು ನೋಡ್ಕಂಡು ಹೋಯ್ತೀನಿ" ಎಂದು ನನಗೆ ಹೇಳಿದ್ದರು. ನಾನು ಟಿ.ವಿ.ಗೂ ಮೆಟ್ಟಿಲಿಗೂ ನಡುವಿನ ಬಾಗಿಲಲ್ಲಿ ನಿಂತೆ.

ನಮ್ಮ ದೇವಸ್ಥಾನ ಬಂತು! ದಿನಾ ನೋಡುವ ಅದೇ ಆನೆಸಾಲು, ಅದೇ ನಂದಿ. ಆದರೂ ಯಾರೂ ಕೆಮ್ಮಲಿಲ್ಲ. ಯಾರೋ ಹಿಂದಿಯಲ್ಲಿ ಮಾತಾಡುತ್ತಿದ್ದರು, ಅದು ಅಪ್ಪನ ದನಿಯಲ್ಲ. ಐದು ನಿಮಿಷ ಹೋಯಿತು, ಹತ್ತು ಹೋಯಿತು. "ಎಲ್ಲವ್ವಾ ನಿಮ್ಮಪ್ಪ? ಬರೀ ಕಲ್ಲೇ ತೋರುಸ್ತಾವ್ರೆ" ಎಂದ ರಂಗಣ್ಣ. ಹಿಂದೆ ಯಾರೋ ಕಿಸಕ್ಕೆಂದರು.

ಆಗ ಒಂದು ಕತ್ತಲ ಗೋಡೆ ಕಂಡಿತು. ಅದರ ಮೇಲೆ ಒಂದು ಬೆಳಕಿನ ಬಿಲ್ಲೆ ಸರಿದು ಬಂದು ನರ್ತಕಿಯ ಕೈಮೇಲೆ ನಿಂತಿತು. ಬೆಳಕಿನೊಳಗೆ ಒಂದು ಬೆರಳು ಬಂತು. ಬಳೆಯ ಹತ್ತಿರ, ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟು, ನಿಂತಿತು.

"ಅವ್ರೇ!" ಎಂದಳು ಅಮ್ಮ. ಕೈಯಲ್ಲಿದ್ದ ಟೀ ತಟ್ಟೆಯನ್ನು ನೆಲಕ್ಕಿಟ್ಟಳು. "ಅವ್ರೇ ಕಣೇ! ಅವ್ರ ಕೈ!"

"ಅಪ್ಪಾ, ಬಾ! ನಿನ್ ಕೈ!" ಎಂದು ನಾನು ಅರಚಿದೆ. ಮೇಲೆ ಅಪ್ಪನ ಹೆಜ್ಜೆ ಎರಡು ಕೇಳಿದವು. ಅಷ್ಟೇ, ಬೆರಳು, ಬಳೆ, ಬೆಳಕು ಎಲ್ಲ ಚುಕ್ಕಿಯೊಳಗೆ ಮುಳುಗಿತು. "ಬಿಡಬ್ಯಾಡಿ ಗೈಡಪ್ಪ, ಹಿಡ್ಕಳಿ!" ಎಂದು ಇಡೀ ಮನೆ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವನು ರಂಗಣ್ಣ. ಹೆಜ್ಜೆಗಳು ಹಿಂದಕ್ಕೆ ಹೋದವು. ಬೆರಳು ಮತ್ತೆ ಬಂತು.

ಆ ಕೈ ನಮ್ಮ ತಲೆಯ ಮೇಲೆ, ತಾರಸಿಯಲ್ಲಿ, ಕಂಬ ಹಿಡಿದು ನಿಂತಿದೆ. ಅದೇ ಕೈ ದೆಹಲಿಗೆ ಹೋಗಿ, ಅಲ್ಲಿಂದ ಆಕಾಶ ಹತ್ತಿ, ಹಾಸನಕ್ಕೆ ಇಳಿದು, ಹಗರೆಯ ಹೊಲಗಳ ಮೇಲೆ ಹಾದು ಬಂದು, ತನ್ನದೇ ಮುಷ್ಟಿಯಿಂದ ಇಳಿದು ನಮ್ಮ ಮುಂದೆ ನರ್ತಕಿಯ ಬಳೆ ತೋರಿಸುತ್ತಿದೆ. ದೊಡ್ಡ ದೊಡ್ಡ ಗುಡಿಗಳಲ್ಲಿ ಕೈಮುಗಿದಿದ್ದೇನೆ, ಆದರೆ ಅಂಥ ಬೆರಗು ನನಗೆ ಮತ್ತೆ ಆಗಿಲ್ಲ. ಆ ಕೈ ಇನ್ನೂ ನಾಲ್ಕು ಶಿಲ್ಪ ತೋರಿಸಿತು. ಮುಖ ಕೊನೆಯವರೆಗೂ ಬರಲಿಲ್ಲ.

ಕಾರ್ಯಕ್ರಮ ಮುಗಿದು ಅಪ್ಪ ಕೆಳಗಿಳಿದರು. ಬಲ ಅಂಗೈಯಲ್ಲಿ ಹಸಿರು ಬಣ್ಣ ಮೆತ್ತಿತ್ತು. "ಹೆಂಗಿತ್ತು? ಮುಖ ಚೆನ್ನಾಗ್ ಬಂದಿತ್ತಾ?" ಎಂದು ಕೇಳಿದರು. ಸುಳ್ಳು ಹೇಳಿಬಿಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹೇಳಿದಳು: "ಮುಖ ಬರ್ಲಿಲ್ಲ ಕಣ್ರೀ. ಕೈ ಬಂತು."

ಅಪ್ಪ ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು. ಮುಖ ಒಂದು ಗಳಿಗೆ ಇಳಿದದ್ದು ನಿಜ. ಆಮೇಲೆ ಅಮ್ಮನನ್ನು ಮೆಲ್ಲಗೆ ಕೇಳಿದರು:

"ಕಲ್ಲಿಗೆ ತಗಲಿಲ್ಲ ತಾನೆ?"

"ಎಲ್ಲೂ ತಗಲಿಲ್ಲ."

"ಸಾಕು ಬಿಡು" ಎಂದು ಅಪ್ಪ ಟೀ ಕೈಗೆತ್ತಿಕೊಂಡರು. ರಂಗಣ್ಣ ಎದ್ದು, ತಾನು ಕುಳಿತಿದ್ದ ಜಾಗವನ್ನು ಪಂಚೆಯ ತುದಿಯಿಂದ ಒರೆಸಿ, "ಇಲ್ಲಿ ಕೂತ್ಕಳಿ ಗೈಡಪ್ಪ" ಎಂದ. ಆಮೇಲೆ ಅವನು ಚುಡಾಯಿಸಿದ್ದನ್ನು ನಾನು ಕಾಣೆ.

ಅಪ್ಪ ಹೋಗಿ ಆರು ವರ್ಷವಾಯಿತು. ತಮ್ಮ ಕೈಯನ್ನು ಅವರು ಟಿ.ವಿ.ಯಲ್ಲಿ ನೋಡಲೇ ಇಲ್ಲ. ದೇವಸ್ಥಾನದಲ್ಲಿ ಯಾರು ಯಾರೋ ಸವರಿ ಸವರಿ ಶಿಲ್ಪಗಳು ಕಪ್ಪಗೆ ಹೊಳೆಯುತ್ತವೆ. ಅಲ್ಲೆಲ್ಲೂ ಅವರ ಗುರುತಿಲ್ಲ. ಈ ಕಂಬದಲ್ಲಿ ಮಾತ್ರ, ಬೂಸ್ಟರಿನ ಕೆಳಗೆ ಒಂದು ಗೇಣು ಬಿಟ್ಟು, ವರ್ಷಾನುಗಟ್ಟಲೆ ಹಿಡಿದು ಬಣ್ಣ ಸವೆದು ಕಬ್ಬಿಣ ನುಣ್ಣಗಾಗಿರುವ ನಾಲ್ಕು ಬೆರಳಗಲದ ಜಾಗ ಇದೆ. ಅಷ್ಟು ದಿನ ಅದರ ಪಕ್ಕದಲ್ಲೇ ಬಟ್ಟೆ ಒಣಹಾಕಿದ ನಾನು ಅದನ್ನು ನೋಡಿದ್ದು ಹೋದ ತಿಂಗಳು ಅವತ್ತೇ.

ಹೀಟರಿನವನು ಕಾಯುತ್ತಿದ್ದ. ನಾನು ಅಲ್ಲಿ ಕೈಯಿಟ್ಟು ಹಿಡಿದೆ. ಕಂಬ ಕಿರ್ರೆಂದು ತಿರುಗಿತು. ಗಾಳಿಯಲ್ಲಿ ಈಗ ಅದಕ್ಕೆ ಸಿಗುವಂಥದ್ದು ಏನೂ ಇಲ್ಲವೆನ್ನುತ್ತಾರೆ. ಆದರೆ ಕೆಳಗೆ ಸೊಪ್ಪು ಬಿಡಿಸುತ್ತಿದ್ದ ಅಮ್ಮ ಆ ಸದ್ದಿಗೆ ತಲೆ ಎತ್ತದೆಯೇ ಕೂಗಿದಳು: "ಇನ್ನೊಂಚೂರು ಹಗರೆ ಕಡೆಗೆ ತಿರುಗಿಸ್ರೀ!"

ಕೂಗಿದವಳು ಸೊಪ್ಪು ಬಿಟ್ಟು ಮೇಲೆ ನೋಡಿದಳು. ನಾನು ಕಂಬವನ್ನು ಹಗರೆ ಕಡೆಗೆ ಒಂಚೂರು ತಿರುಗಿಸಿ, "ಬಂತಾ?" ಎಂದೆ.

ಅಮ್ಮ ಮೂಗೆಳೆದುಕೊಂಡು ನಕ್ಕಳು. "ಬಂತು ಕಣೇ, ಬಂತು. ಕೈ ಬಿಡಬ್ಯಾಡ."

ಹೀಟರನ್ನು ಆ ಮೂಲೆಗೆ ಹಾಕಪ್ಪ ಎಂದೆ. ಅಲ್ಲಿ ತೆಂಗಿನಮರದ ನೆರಳು ಬೀಳುತ್ತದೆ, ನೀರು ಸರಿಯಾಗಿ ಕಾಯುವುದಿಲ್ಲ ಎಂದು ಅವನು ಎರಡು ಸಲ ಹೇಳಿದ. ಹೇಳಿದ್ದು ನಿಜ. ನಮ್ಮ ಮನೆಯಲ್ಲಿ ಈಗ ಸ್ನಾನದ ನೀರು ಉಗುರುಬೆಚ್ಚಗಷ್ಟೇ ಬರುತ್ತದೆ, ನಾವಿಬ್ಬರೂ ಅದರ ಬಗ್ಗೆ ದೂರುವುದಿಲ್ಲ.